ಮುಯ್ಯಿಗೆ ಬಿದ್ದ ಚಪ್ಪಾಳೆ

ದಿಗ್ಗೇವಾಡಿ, ಹೊರಡುವ ದಿನ

ಎಮ್ಮೆ ಹಿಂಡಿದೆ. ಅಂಗಳ ಗುಡಿಸಿ ನೀರು ಚಿಮುಕಿಸಿದೆ. ಗಂಡನ ಬಿಪಿ ಗುಳಿಗೆಗಳನ್ನು ಮುಂಜಾನೆಯವು ಬೇರೆ, ರಾತ್ರಿಯವು ಬೇರೆ ಮಾಡಿ ಎರಡು ಡಬ್ಬಿಗೆ ತುಂಬಿ, ರಾತ್ರಿಯದಕ್ಕೆ ಕೆಂಪು ದಾರ ಸುತ್ತಿದೆ. ಖಡಕ್ ರೊಟ್ಟಿ ಕಟ್ಟಿಕೊಂಡೆ, ಶೇಂಗಾ ಹಿಂಡಿ, ಅದೇ ಖಾರದ ಚಟ್ನಿಪುಡಿ, ಕುಟ್ಟಿದೆ. ಹೊಸ ಸ್ವೆಟರಿನ ಗುಂಡಿಗಳನ್ನು ಬಿಗಿಯಾಗಿ ಮತ್ತೊಮ್ಮೆ ಹೊಲಿದೆ. ಆಮೇಲೆ ಸೋನವ್ವನ ಮನೆಗೆ ಹೋಗಿ ಆಕೆಯ ಮೈ ಒರೆಸಿ, ಬೆನ್ನು ನೋಡಿ, ಎಡ ಮಗ್ಗುಲಿಗೆ ತಿರುಗಿಸಿ, ಮೊಣಕಾಲುಗಳ ನಡುವೆ ಹಳೆಯ ಸೀರೆಯ ಸುರುಳಿ ಇಟ್ಟು ಬಂದೆ. ಬೆನ್ನು ಚೆನ್ನಾಗಿತ್ತು. ಇದನ್ನು ಮೊದಲೇ ಬರೆದಿಡುತ್ತೇನೆ, ಯಾಕೆಂದರೆ ಮುಂದಿನ ನನ್ನ ಸಿಟ್ಟೆಲ್ಲ ಆ ಬೆನ್ನಿನದೇ.

ಹಾಸಿಗೆ ಹಿಡಿದವರ ಮನೆಗೆ ಹೋಗಿ ಆರೈಕೆ ಮಾಡುವುದು ನನ್ನ ಕೆಲಸ. ಒಂದು ಸಣ್ಣ ಸಂಸ್ಥೆ ಪಗಾರ ಕೊಡುತ್ತದೆ. ಸೋನವ್ವ ಹುಣಸೆ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ಪರ್ಶ ಕಳೆದುಕೊಂಡವಳು. ಮಗ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಾನೆ, ಸೊಸೆ ಕಬ್ಬು ಕಡಿಯಲು ಹೋಗುತ್ತಾಳೆ. ಇಬ್ಬರೂ ಒಳ್ಳೆಯವರೇ. ಆದರೆ ಸುಗ್ಗಿಯ ದಿನಗಳಲ್ಲಿ ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುತ್ತಾರೆ. ಹಗಲೆಲ್ಲ ಸೋನವ್ವನನ್ನು ತಿರುಗಿಸುವ ಕೈ ನನ್ನದು. ತಿರುಗಿಸದಿದ್ದರೆ ಮೊದಲು ಚರ್ಮ ಕೆಂಪಾಗುತ್ತದೆ. ಒತ್ತಿ ಬಿಟ್ಟರೂ ಕೆಂಪು ಹೋಗದಿದ್ದರೆ ಒಳಗೆ ಹುಣ್ಣು ಶುರುವಾಗಿದೆ ಎಂದೇ ಅರ್ಥ.

ಕಬ್ಬಿನ ಸುಗ್ಗಿ ಬಂತೆಂದರೆ ನಮ್ಮ ಕಡೆ ಬೆನ್ನಿನ ಹುಣ್ಣುಗಳು ಹೆಚ್ಚಾಗುತ್ತವೆ. ಹಾಸಿಗೆಯ ದೋಷವೇ, ಸೆಕೆಯ ದೋಷವೇ, ಅಥವಾ ತಿರುಗಿಸುವ ಕೈಗಳು ಕಬ್ಬು ಕಡಿಯುವ ಫಡಕ್ಕೆ ಹೋಗುವುದರಿಂದಲೇ? ಈ ಪ್ರಶ್ನೆಯನ್ನು ನಾನು ಒಮ್ಮೆ ಸಭೆಯಲ್ಲಿ ಕೇಳಿದ್ದೆ. ಹೊರದೇಶದ ಒಂದು ನಿಧಿಯವರು, ಆರೈಕೆ ಮಾಡುವವರೇ ಸಂಶೋಧನೆ ಮಾಡುವುದನ್ನು ಕಲಿಯಲಿ ಎಂದು ಹಣ ಕೊಡುತ್ತಾರಂತೆ. ಸಂಸ್ಥೆಯ ಕೋಆರ್ಡಿನೇಟರ್ ಸರ್ ನನ್ನ ಪ್ರಶ್ನೆಯನ್ನು ಇಂಗ್ಲಿಷಿಗೆ ಹಾಕಿ ಕಳಿಸಿದರು. ಅದು ಪಾಸಾಯಿತು. ಒಂದು ವರ್ಷದ ಕಲಿಕೆ, ಅದರಲ್ಲಿ ಮೊದಲ ಎರಡು ವಾರ ಇಂಗ್ಲೆಂಡಿನಲ್ಲಿ, ಆಮೇಲೆ ಆಗಾಗ ನಮ್ಮ ಕಡೆಯೇ ತರಗತಿ, ಕೊನೆಗೆ ಮತ್ತೊಮ್ಮೆ ಅಲ್ಲಿಗೆ.

"ಏನಬೇ ಕಸ್ತೂರಿ," ಎಂದಳು ಸೋನವ್ವ ಮಲಗಿದಲ್ಲಿಂದಲೇ. "ಮಂದಿ ದೇಶದ ಸುದ್ದಿ ಹೇಳಾಕ ವಿಲಾಯತಿಗೆ ಹೋಗ್ತಾರ. ನೀ ನನ್ನ ಕುಂಡಿ ಸುದ್ದಿ ಹೇಳಾಕ ಹೊಂಟಿಯಲ್ಲ!"

"ನಿನ್ನ ಹೆಸರ ಹೇಳಂಗಿಲ್ಲ ತಗೋ."

"ಹೇಳ, ಹೇಳ. ಹೆಸರರೆ ಇಮಾನದಾಗ ಕುಂದರಲಿ."

ನಾನಿಲ್ಲದಾಗ ಆಕೆಯನ್ನು ನೋಡುವವರು ಯಾರು ಎಂಬುದನ್ನು ಓಣಿಯಲ್ಲೇ ಮಾತಾಡಿ ಮುಗಿಸಿದ್ದೆವು. ಮುಂಜಾನೆ ಗಂಗವ್ವ; ಆಕೆಯ ಮನೆಯವರು ಕುರಿ ಕಾಯುವವರು, ಜೊತೆಗೆ ತುಸು ಹೊಲ. ಮಧ್ಯಾಹ್ನ ಹೊಲಿಗೆ ಮಷೀನಿನ ಶಮೀಮ್. ಸಂಜೆ ಸುರೇಖಾ, ನಿಪ್ಪಾಣಿಯಿಂದ ಮದುವೆಯಾಗಿ ಬಂದವಳು, ರೊಟ್ಟಿ ಬಡಿದು ರಾಯಬಾಗದ ಖಾನಾವಳಿಗೆ ಕಳಿಸುತ್ತಾಳೆ. ಎಲ್ಲವೂ ಮುಯ್ಯಿಯ ಮೇಲೆ. ಮುಯ್ಯಿ ನಮ್ಮ ಹೊಲಗಳ ಪದ್ಧತಿ: ಇವತ್ತು ನೀನು ನನ್ನ ಹೊಲಕ್ಕೆ ಬಂದು ದುಡಿ, ನಾಳೆ ನಾನು ನಿನ್ನ ಹೊಲಕ್ಕೆ ಬಂದು ಅಷ್ಟೇ ದುಡಿಯುತ್ತೇನೆ. ರೊಕ್ಕ ಇಲ್ಲ. ಆದರೆ ಪುಕ್ಕಟೆಯೂ ಅಲ್ಲ.

"ನೀ ಬಂದ ಮ್ಯಾಲ ನನ್ನ ಜ್ವಾಳದ ಕಳಿ ನಿಂದ," ಎಂದಳು ಗಂಗವ್ವ.

"ನಮ್ಮ ಮಾವನ ಕಡೆ ನೀ ಕುಂದರಬೇಕಕ್ಕಾ, ನಾ ಮಗಳ ಮನಿಗೆ ಅಥಣಿಗೆ ಹೋಗಿ ಬರೂತನಕ," ಎಂದಳು ಶಮೀಮ್. ಆಕೆಯ ಮಾವನಿಗೆ ಲಕ್ವಾ ಹೊಡೆದು ಬಲಗೈ ಎತ್ತಲು ಬರುವುದಿಲ್ಲ.

"ಮಾಝಂ ಕಾಯ್, ನಂದೇನ? ನನಗ ರೊಟ್ಟಿ ಬಡದು ಕೊಡು, ಲಗ್ನದ ಆರ್ಡರ್ ಬಂದಾಗ," ಎಂದಳು ಸುರೇಖಾ. "ಠರಲಂ! ಮಾತು ಪಕ್ಕಾ!"

ಮೂವರಿಗೂ ಹೂಂ ಎಂದೆ.

ನಿಪ್ಪಾಣಿ

ಚಿಕ್ಕೋಡಿ ದಾಟಿ ನಿಪ್ಪಾಣಿಗೆ ಬಂದಾಗ ಬಸ್ಸಿನ ಕಿಟಕಿಯಿಂದಲೇ ತಂಬಾಕಿನ ಘಾಟು ಮೂಗಿಗೆ ಹತ್ತಿತು. ಸ್ಟ್ಯಾಂಡಿನಲ್ಲಿ ಕೋಆರ್ಡಿನೇಟರ್ ಸರ್ ಕಾಯುತ್ತಿದ್ದರು. ಪುಣೆಯ ಬಸ್ಸು ಹತ್ತಿಸಲು ಬಂದದ್ದು ಅವರ ದೊಡ್ಡತನ, ಇಲ್ಲ ಅನ್ನುವುದಿಲ್ಲ. ಚಹಾ ಕುಡಿಸಿದರು, ಉಪದೇಶವನ್ನೂ ಕುಡಿಸಿದರು.

"ಅಕ್ಕಾರ, ಅಲ್ಲಿ ಎಲ್ಲಾದಕ್ಕೂ ಹೌದು ಅನ್ರಿ. ನಗ್ರಿ. ಫೋಟೋ ತಗಸ್ಕೋರಿ. ಬ್ಯಾರೆ ಏನೂ ಮಾತಾಡಾಕ ಹೋಗಬ್ಯಾಡ್ರಿ."

"ಮಾತಾಡಲಾರದ ಹೆಂಗ ಕಲೀಲ್ರಿ ಸರ?"

"ಕಲಿಯೂದು ಬ್ಯಾರೆ, ಮಾತಾಡೂದು ಬ್ಯಾರೆ," ಎಂದರು. ಪಕ್ಕದಲ್ಲಿ ಬಾಳೆಹಣ್ಣು ಮಾರುವವಳು ನನ್ನ ಸ್ವೆಟರ್ ನೋಡಿ, "ಕುಠಂ ಚಾಲಲಾತ್, ಬಾಯಿ?" ಎಂದು ಕೇಳಿದಳು. ಎಲ್ಲಿಗೆ ಹೊರಟಿರಿ ಎಂದು. ಇಂಗ್ಲೆಂಡಿಗೆ ಎಂದೆ. ಆಕೆ ನಕ್ಕು, ಮತ್ತೊಂದು ಬಾಳೆಹಣ್ಣು ಕೊಟ್ಟು, ಕೊಲ್ಹಾಪುರಕ್ಕೆ ಹೊರಟವಳಿಗೆ ಹೇಳುವ ಹಾಗೆಯೇ ಹುಷಾರಾಗಿ ಹೋಗಿ ಎಂದಳು.

ವಿಮಾನ

ವಿಮಾನದಲ್ಲಿ ನನ್ನ ಪಕ್ಕ ಒಬ್ಬ ಅಜ್ಜ ಕುಳಿತಿದ್ದ. ಕುಳಿತವನೇ ಬಲಕ್ಕೆ ವಾಲಿ ಮಲಗಿಬಿಟ್ಟ, ಮತ್ತೆ ಏಳಲಿಲ್ಲ. ಊಟ ಬಂತು, ಹೋಯಿತು. ಸೂರ್ಯ ಹುಟ್ಟಿದ. ಅಜ್ಜ ಅದೇ ಮಗ್ಗುಲು. ನನ್ನ ಕೈ ಸುಮ್ಮನೆ ಇರಲೊಲ್ಲದು. ಕೊನೆಗೆ ನನ್ನ ದಿಂಬನ್ನು ಮೆಲ್ಲಗೆ ಅವನ ಬಲ ಪಕ್ಕಕ್ಕೆ ತುರುಕಿ ತುಸು ಎಡಕ್ಕೆ ಸರಿಸಿದೆ. ಎಚ್ಚರಾಗಿ ಗಾಬರಿಯಿಂದ ನೋಡಿದ, ಜೇಬು ಮುಟ್ಟಿ ನೋಡಿಕೊಂಡ, ಆಮೇಲೆ ಎಡಕ್ಕೆ ಮಲಗಿದ. ಜೇಬು ಮುಟ್ಟಿಕೊಂಡದ್ದು ನನಗೆ ಬೇಸರವೇ ಆಯಿತು. ಆದರೆ ಬೆನ್ನಿಗೆ ಗಾಳಿ ಸಿಕ್ಕಿತಲ್ಲ, ಸಾಕು.

ಇಳಿದಲ್ಲಿ ಅಧಿಕಾರಿಯೊಬ್ಬ ನನ್ನ ಶೇಂಗಾ ಹಿಂಡಿಯ ಡಬ್ಬಿ ತೆಗೆದು ಮೂಸಿ ನೋಡಿ ಸೀನಿದ. ಮತ್ತೊಬ್ಬನನ್ನು ಕರೆದ. ಅವನೂ ಸೀನಿದ. ಇಬ್ಬರೂ ನನಗೆ ಸಾರಿ ಎಂದರು. ಸೀನಿದವರು ಅವರು, ಸಾರಿ ನನಗೆ. ಆ ದೇಶದಲ್ಲಿ ಇದು ಬಹಳ. ಅವರ ಕಾಲನ್ನು ನಾವು ತುಳಿದರೂ ಅವರೇ ಸಾರಿ ಅನ್ನುತ್ತಾರೆ. ಆ ಎರಡು ವಾರ ಸಾರಿಗೆ ಬರವಿರಲಿಲ್ಲ. ಸಾರಿಯ ಮುಂದೆ ಇನ್ನೊಂದು ಹೆಜ್ಜೆ ಇಡಬೇಕಾದಾಗ ಮಾತ್ರ ಬರ ಬಂತು.

ಬಿಗಿದ ಹಾಸಿಗೆ

ಉತ್ತರದ ಕಡೆಯ ಒಂದು ತಣ್ಣನೆಯ ಊರು. ಮಧ್ಯಾಹ್ನದ ಚಹಾ ಮುಗಿಯುವುದರೊಳಗೆ ಕತ್ತಲು. ನಮ್ಮನ್ನು ಇಳಿಸಿದ್ದ ಗೆಸ್ಟ್‌ಹೌಸಿನಲ್ಲಿ ಹಾಸಿಗೆಯ ಮೇಲಿನ ಚಾದರವನ್ನು ಮೂರೂ ಕಡೆ ಗಾದಿಯ ಕೆಳಗೆ ಎಷ್ಟು ಬಿಗಿಯಾಗಿ ತುರುಕಿರುತ್ತಾರೆಂದರೆ, ಒಳಗೆ ಹೋಗಬೇಕಾದರೆ ಕಾಗದದ ಹಾಗೆ ಲಕೋಟೆಯೊಳಗೆ ಜಾರಬೇಕು. ಮೊದಲ ರಾತ್ರಿ ನಾನು ಮೇಲೆಯೇ ಸ್ವೆಟರ್ ಹಾಕಿಕೊಂಡು ಮಲಗಿದೆ. ಎರಡನೆಯ ರಾತ್ರಿ ಎಲ್ಲ ಕಿತ್ತು ಹಾಕಿದೆ. ಮುಂಜಾನೆ ಕೋಣೆ ಗುಡಿಸುವ ಹೆಂಗಸು ಮತ್ತೆ ತುರುಕಿದ್ದಳು. ನಾನು ಮತ್ತೆ ಕಿತ್ತೆ. ಹೀಗೆ ಆಕೆಗೂ ನನಗೂ, ಒಬ್ಬರ ಮುಖ ಒಬ್ಬರು ನೋಡದೆಯೇ, ದಿನಾ ಜಗಳ. ನಾಲ್ಕೈದು ದಿನಕ್ಕೆ ಆಕೆ ಒಂದು ಮೂಲೆ ಮಾತ್ರ ಬಿಚ್ಚಿ ಮಡಚಿಟ್ಟು ಹೋದಳು. ಆ ದಿನ ನಾನು ಅಲ್ಲೊಂದು ಚೂರು ಖಡಕ್ ರೊಟ್ಟಿ ಇಟ್ಟೆ. ಅದನ್ನು ತಿಂದಳೋ ಏನು ವಸ್ತುವೆಂದು ಚಿಂತಿಸಿದಳೋ ಗೊತ್ತಿಲ್ಲ. ಇಡೀ ಪ್ರವಾಸದಲ್ಲಿ ಕೇಳದೆಯೇ ನನ್ನ ಮಾತು ಅರ್ಥಮಾಡಿಕೊಂಡವಳು ಆಕೆ ಒಬ್ಬಳೇ.

ಬೇರೆಯವರ ಮಾತು ನನಗೆ, ನನ್ನ ಮಾತು ಅವರಿಗೆ ಮುಟ್ಟಿಸಲು ಮೃಣಾಲ್ ಇದ್ದಳು. ಸಾಂಗಲಿಯವಳು, ಮೂವತ್ತೈದರ ಗೃಹಿಣಿ, ಗಂಡ ಅಲ್ಲಿ ಡಾಕ್ಟರ್. ಕನ್ನಡ ಬಾರದು. ಅವರ ಇಂಗ್ಲಿಷು ಆಕೆಯ ಬಾಯಿಯಲ್ಲಿ ಮರಾಠಿಯಾಗಿ ನನಗೆ ಬರುತ್ತಿತ್ತು, ನನ್ನ ಮರಾಠಿ ಇಂಗ್ಲಿಷಾಗಿ ಹೋಗುತ್ತಿತ್ತು. ಗಡಿಯಲ್ಲಿ ಹುಟ್ಟಿದ್ದು ಇಲ್ಲಿ ಉಪಯೋಗಕ್ಕೆ ಬಂತು.

ಚಪ್ಪಾಳೆ

ತರಗತಿಯ ಮೊದಲ ದಿನ ಎಲ್ಲರನ್ನೂ ದುಂಡಗೆ ಕೂಡಿಸಿದರು. ನಿಧಿಯ ಕಡೆಯಿಂದ ಹೆಲೆನ್ ಎಂಬ ಹೆಂಗಸು. ಮೆಲು ದನಿ, ಕೊರಳಲ್ಲಿ ದೊಡ್ಡ ಮಣಿಸರ. "ಇಲ್ಲಿಗೆ ಬರಲು ನೀವು ಯಾರನ್ನು ಬಿಟ್ಟು ಬಂದಿರಿ? ಅವರನ್ನು ಈಗ ಯಾರು ನೋಡುತ್ತಿದ್ದಾರೆ?" ಎಂದು ಕೇಳಿದರು. ಒಳ್ಳೆಯ ಪ್ರಶ್ನೆ ಎನಿಸಿತು.

ನನ್ನ ಪಕ್ಕ ಡಾಟ್ ಕುಳಿತಿದ್ದರು. ಅದೇ ಊರಿನವರು, ನನ್ನ ಹಾಗೆ ಮನೆಮನೆಗೆ ಹೋಗಿ ಆರೈಕೆ ಮಾಡುವವರು, ಕೂದಲಿಗೆ ನೇರಳೆ ಬಣ್ಣ. ತಮ್ಮ ಜಾಗಕ್ಕೆ ಏಜೆನ್ಸಿಯ ಹುಡುಗಿ ಬರುತ್ತಾಳೆ, ನಿಧಿ ಕೊಡುತ್ತದೆ ಎಂದರು. ಕೆನ್ಯಾದಿಂದ ಬಂದವಳು, ತನ್ನ ಜಾಗಕ್ಕೆ ಸಂಬಂಧಿಯೊಬ್ಬಳು ಬರುತ್ತಾಳೆ, ನಿಧಿ ಕೊಡುತ್ತದೆ ಎಂದಳು. ನನ್ನ ಸರದಿ ಬಂದಾಗ ನಾನು ಎದೆಯುಬ್ಬಿಸಿ ಮುಯ್ಯಿಯ ಕಥೆ ಹೇಳಿದೆ. ಗಂಗವ್ವ, ಶಮೀಮ್, ಸುರೇಖಾ, ಮೂರು ಹೊತ್ತು, ಮೂರು ಕೈ.

ಎಲ್ಲರೂ ಚಪ್ಪಾಳೆ ತಟ್ಟಿದರು. ಹೆಲೆನ್ ಅವರ ಕಣ್ಣು ಒದ್ದೆಯಾಗಿತ್ತು. "ನಮ್ಮಲ್ಲಿ ಇದು ಕಳೆದುಹೋಗಿದೆ," ಎಂದರು. "ನಿಮ್ಮ ಊರಿನಲ್ಲಿ ಜನ ಏನನ್ನೂ ಬಯಸದೆ ಒಬ್ಬರಿಗೊಬ್ಬರು ಆಗುತ್ತಾರೆ."

ಏನನ್ನೂ ಬಯಸದೆ? ಗಂಗವ್ವ ಕೇಳಿಸಿಕೊಂಡಿದ್ದರೆ ನಕ್ಕು ನಕ್ಕು ಕೆಳಗೆ ಬೀಳುತ್ತಿದ್ದಳು. ಇಡೀ ಜೋಳದ ಹೊಲ ಬಯಸಿದ್ದಾಳೆ!

ಚಹಾದ ಹೊತ್ತಿಗೆ ಮೃಣಾಲಳನ್ನು ಕೇಳಿದೆ, "ಎಲ್ಲರೂ ನಿಧಿ ಕೊಡುತ್ತದೆ ಅಂದರಲ್ಲ, ಏನನ್ನು?"

ಆಕೆ ವಿಚಾರಿಸಿ ಬಂದು ಹೇಳಿದಳು. ಕಲಿಯಲು ಬಂದವರ ಕೆಲಸವನ್ನು ಮಾಡುವ ಬದಲಿ ಆಳಿನ ಪಗಾರ ನಿಧಿಯದೇ. ಅದು ನಿಯಮದಲ್ಲೇ ಇದೆ. "ನಿಮ್ಮ ಅರ್ಜಿಯಲ್ಲಿ ಮಾತ್ರ ಬೇಕಿಲ್ಲ ಎಂದು ಬರೆದಿದೆಯಂತೆ. ಅಕ್ಕಪಕ್ಕದವರು ಪುಕ್ಕಟೆ ನೋಡಿಕೊಳ್ಳುತ್ತಾರೆ ಅಂತ."

ಚಹಾ ಅಲ್ಲಿಯೇ ಇಟ್ಟೆ. ಹೊರಗೆ ಹೋಗಿ, ಚಳಿಯಲ್ಲಿ ಗೋಡೆಗೆ ಆತು ನಿಂತು ಕೋಆರ್ಡಿನೇಟರ್ ಸರ್‌ಗೆ ಫೋನ್ ಹಚ್ಚಿದೆ.

"ಅಕ್ಕಾರ, ನೀವ ಹೇಳಿದ್ರಲ್ಲರಿ ಮುಯ್ಯಿ ಐತಿ, ಚಿಂತಿ ಇಲ್ಲ ಅಂತ? ನಾ ಹಂಗ ಬರದೆ."

"ಮುಯ್ಯಿ ಅಂದ್ರ ಪುಕ್ಕಟೆ ಏನ್ರಿ ಸರ? ನೀವು ಯಾವ ಊರಾವರ್ರಿ?"

"ನಾ ಕಾಗವಾಡದಾಂವ, ನನಗ ಗೊತ್ತಿಲ್ಲೇನ್ರಿ ಮುಯ್ಯಿ? ಖರ್ಚ ಕಮ್ಮಿ ತೋರಿಸಿದ್ರ ಅರ್ಜಿ ಲಗೂನ ಪಾಸ್ ಆಕ್ಕೈತಿ. ಆಗೇತಿಲ್ಲ? ಇಮಾನ ಹತ್ತೀರಿಲ್ಲ?"

ಅಂದರೆ ಗೊತ್ತಿದ್ದೂ ಬರೆದದ್ದು. ಮೂರು ಹೆಂಗಸರ ದುಡಿಮೆಯನ್ನು ಒಂದು ಗೀಟಿನಲ್ಲಿ ಅಳಿಸಿ, ಅದರ ಮೇಲೆ ನನ್ನನ್ನು ವಿಮಾನ ಹತ್ತಿಸಿದ್ದು. ನನಗೆ ಸಿಟ್ಟು ಬಂದದ್ದು ಸರ್ ಒಬ್ಬರ ಮೇಲೆಯೇ ಅಲ್ಲ. ಹಿಂದುಸ್ತಾನದ ಹಳ್ಳಿಯಲ್ಲಿ ಅಕ್ಕಪಕ್ಕದವರು ಪುಕ್ಕಟೆ ನೋಡಿಕೊಳ್ಳುತ್ತಾರೆ ಎಂದು ಬರೆದುಕೊಟ್ಟ ಕೂಡಲೇ ಇಲ್ಲಿಯವರು ನಂಬಿದ್ದು ಯಾಕೆ? ಡಾಟ್ ಅವರ ಅಕ್ಕಪಕ್ಕದವರ ಬಗ್ಗೆ ಹಾಗೆ ಬರೆದಿದ್ದರೆ ನಂಬುತ್ತಿದ್ದರೇ? ಹೆಂಗಸರು ಹೇಗೂ ಮಾಡುತ್ತಾರೆ ಎನ್ನುವ ಮಾತಿಗೆ ಪಾಸ್‌ಪೋರ್ಟು ಬೇಕಾಗಿಲ್ಲ. ಅದು ನನಗಿಂತ ಮೊದಲೇ ಅಲ್ಲಿಗೆ ಹೋಗಿ ಕುಳಿತಿತ್ತು.

ಇನ್ನೊಂದು ಮಾತು. ನನ್ನ ಪ್ರಶ್ನೆಯೇ ಏನು? ತಿರುಗಿಸುವ ಕೈ ಮನೆಯಿಂದ ಹೋದರೆ ಬೆನ್ನಿಗೆ ಏನಾಗುತ್ತದೆ ಎಂಬುದು. ಅದನ್ನು ಕಲಿಸಲು ಇವರು ಮೊದಲು ಮಾಡಿದ ಕೆಲಸವೆಂದರೆ ಆ ಕೈಯನ್ನೇ ಎಬ್ಬಿಸಿ ಕರೆಸಿಕೊಂಡದ್ದು!

ಡಾಟ್ ಅವರ ಕಾರು

ಎರಡನೆಯ ವಾರ ನಮ್ಮನ್ನು ಒಬ್ಬೊಬ್ಬರ ಜೊತೆ ಕೆಲಸ ನೋಡಲು ಕಳಿಸಿದರು. ನನಗೆ ಡಾಟ್ ಸಿಕ್ಕರು. ಅವರ ಸಣ್ಣ ಕಾರಿನಲ್ಲಿ ಹಿಂದಿನ ಸೀಟಿನ ತುಂಬ ಕೈಗವಸು, ಒರೆಸುವ ಕಾಗದ, ನಾಯಿಯ ಕೂದಲು. ಮೃಣಾಲ್ ಅದರ ನಡುವೆ ಕುಳಿತು ಎರಡೂ ಕಡೆಗೆ ಮಾತು ಸಾಗಿಸುತ್ತಿದ್ದಳು. ಡಾಟ್ ಪ್ರತಿ ಮನೆಯಲ್ಲೂ ಬಾಗಿಲಿಗೆ ಅಂಟಿಸಿದ ಒಂದು ಚೀಟಿಗೆ ಫೋನು ಮುಟ್ಟಿಸುತ್ತಾರೆ. ಅಲ್ಲಿಂದ ಪಗಾರ ಶುರು. ಹೊರಗೆ ಬರುವಾಗ ಮತ್ತೆ ಮುಟ್ಟಿಸಿದರೆ ಪಗಾರ ನಿಂತಿತು. ಒಂದು ಮನೆಯಿಂದ ಇನ್ನೊಂದಕ್ಕೆ ಕಾರು ಓಡಿಸುವ ಹೊತ್ತು ಪಗಾರದೊಳಗೆ ಬರುವುದಿಲ್ಲ.

"ಹಾಗಾದರೆ ಈಗ ನಾವು ಏನು ಮಾಡುತ್ತಿದ್ದೇವೆ?" ಎಂದೆ, ಕೆಂಪು ದೀಪದ ಮುಂದೆ ನಿಂತಾಗ.

"ಈಗ ನಾವು ತಿರುಗಾಡಲು ಹೊರಟಿದ್ದೇವೆ," ಎಂದರು ಡಾಟ್. "ಎಂಥ ಸುಂದರ ಹವೆ ನೋಡಿ." ಹೊರಗೆ ಜಿಟಿಜಿಟಿ ಮಳೆ. ಮೂವರೂ ನಕ್ಕೆವು. ಆಮೇಲೆ ಡಾಟ್ ಒಂದು ಬೈಗುಳ ಬೈದರು. ಮೃಣಾಲ್ ಅದನ್ನು ಮರಾಠಿಗೆ ತರಲಿಲ್ಲ. ನನಗೆ ಬೇಕಾಗಲೂ ಇಲ್ಲ.

ಅವರು ನೋಡಿಕೊಳ್ಳುವ ಆರ್ಥರ್ ಎಂಬ ಮುದುಕ ತರಗತಿಯ ವಾರವೆಲ್ಲ ಗಡ್ಡ ಬೋಳಿಸಿಕೊಂಡಿರಲಿಲ್ಲ. ಏಜೆನ್ಸಿಯ ಹುಡುಗಿಗೆ ಕತ್ತು ಒಡ್ಡಲೊಲ್ಲೆ ಎಂದು ಹಟ ಹಿಡಿದು ಕುಳಿತಿದ್ದನಂತೆ. ಡಾಟ್ ಬೈಯುತ್ತ ಬೋಳಿಸಿದರು, ಅವನು ಬೈಸಿಕೊಳ್ಳುತ್ತ ಕಣ್ಣು ಮುಚ್ಚಿ ಸುಖಪಟ್ಟ. ರೊಕ್ಕ ಕೊಟ್ಟ ಮಾತ್ರಕ್ಕೆ ಕೈಗೆ ಕೈ ಬದಲಾಗುವುದಿಲ್ಲ, ಅದು ನನಗೂ ಗೊತ್ತು. ಹಾಗೆಂದು ಆ ಹುಡುಗಿಯ ಪಗಾರ ಯಾರೂ ಹಿಡಿಯಲಿಲ್ಲವಲ್ಲ!

ಕಾರಿಗೆ ಮರಳುವಾಗ ಶಮೀಮಳ ಫೋನ್ ಬಂತು. ಆಕೆ ಸೋನವ್ವನ ಮನೆಯಲ್ಲೇ ಇದ್ದಳು.

"ಅಕ್ಕಾ, ಸಿಟ್ಟ ಆಗಬ್ಯಾಡ. ಗಂಗವ್ವನ ಕುರಿ ಈಯಾಕತ್ತಿದ್ದು, ಮುಂಜಾನಿ ಆಕಿ ಬರೂದು ತಡಾ ಆತು. ನಮ್ಮ ಮಾವಗ ಜ್ವರ, ಮಧ್ಯಾಹ್ನ ನನಗೂ ಲಗೂ ಬರಾಕ ಆಗಲಿಲ್ಲ. ಬಲ ಕುಂಡಿ ಕೆಂಪಗ ಆಗೇತಿ."

"ಒತ್ತಿ ನೋಡಿದೇನ?"

"ನೋಡೀನಿ."

"ಕೆಂಪ ಹೋತೇನ?"

"ಇಲ್ಲಕ್ಕಾ." ಹಿಂದಿನಿಂದ ಸೋನವ್ವನ ದನಿ ಕೇಳಿಸಿತು: "ಏ, ಆಕಿಗೇನ ಹೇಳ್ತೀ! ಅಲ್ಲಿಂದ ಕೈ ಚಾಚ್ತಾಳೇನ?"

ನಾನು ಕಾರಿನಲ್ಲಿ ಕುಳಿತೆ. ಡಾಟ್ ಏನಾಯಿತು ಎಂದು ಕೇಳಿದರು, ಮೃಣಾಲ್ ಹೇಳಿದಳು. ಡಾಟ್‌ಗೆ ವಿವರಿಸಬೇಕಾಗಲಿಲ್ಲ. ಕೆಂಪು ಹೋಗಲಿಲ್ಲ ಎಂದರೆ ಏನೆಂದು ಎಲ್ಲ ದೇಶದ ನಮ್ಮಂಥವರಿಗೆ ಗೊತ್ತು. ಸ್ಟೀರಿಂಗ್ ಮೇಲೆ ಅಂಗೈಯಿಂದ ಒಂದು ಏಟು ಹೊಡೆದರು.

ಫೋಟೋ

ಮುಗಿಯುವ ಮುನ್ನಾ ದಿನ ಹೆಲೆನ್ ನನ್ನನ್ನು ಪ್ರತ್ಯೇಕ ಕರೆದರು. ನಿಧಿಯವರು ಒಂದು ಪುಸ್ತಿಕೆ ತರುತ್ತಾರಂತೆ. ಅದರಲ್ಲಿ ಮುಯ್ಯಿಯ ಕಥೆ ಬರಬೇಕು. ಆ ಮೂವರು ಹೆಂಗಸರು ಸೋನವ್ವನ ಹಾಸಿಗೆಯ ಸುತ್ತ ನಿಂತ ಒಂದು ಫೋಟೋ ಊರಿನಿಂದ ತರಿಸಿಕೊಡಿ ಎಂದರು. ಡಾಟ್ ನನ್ನ ಜೊತೆ ಬಂದಿದ್ದರು. ಯಾರೂ ಕರೆದಿರಲಿಲ್ಲ, ಬಂದು ಕುರ್ಚಿ ಎಳೆದುಕೊಂಡು ಕುಳಿತರು.

ನಾನು ಮೃಣಾಲಳ ಕಡೆ ತಿರುಗಿ ಹೇಳಲು ಶುರು ಮಾಡಿದೆ. ಮುಯ್ಯಿ ಪುಕ್ಕಟೆಯಲ್ಲ. ನಾನು ಊರಿಗೆ ಹೋಗಿ ಒಬ್ಬಳ ಹೊಲದಲ್ಲಿ ಬಗ್ಗಬೇಕು, ಒಬ್ಬಳ ಮಾವನನ್ನು ನೋಡಬೇಕು, ಒಬ್ಬಳ ಒಲೆಯ ಮುಂದೆ ಕೂರಬೇಕು. ನಿಮ್ಮ ಕಲಿಕೆಯ ಕೂಲಿಯನ್ನು ನನ್ನ ಸೊಂಟ ಕೊಡುತ್ತಿದೆ. ಇನ್ನೂ ಒಂದು ವರ್ಷ ಕೊಡಬೇಕು. ಅಲ್ಲಿಯವರೆಗೆ ಸೋನವ್ವನ ಬೆನ್ನು ತಡೆಯುವುದಿಲ್ಲ.

ಮೃಣಾಲ್ ಅದನ್ನು ಹೇಳಿದಳು. ಹೆಲೆನ್ ಇನ್ನೂ ನಗುತ್ತಿದ್ದರು. ಆಗ ನನಗೆ ತಿಳಿಯಿತು, ನನ್ನ ಮಾತು ಆ ಕಡೆಗೆ ಪೂರ್ತಿ ಹೋಗಿಲ್ಲ.

"ಸಾಖರ್ ಘಾಲೂ ನಕೋಸ್ ಗಂ," ಎಂದೆ, ಸಕ್ಕರೆ ಹಾಕಬೇಡ. "ಇದ್ದದ್ದನ್ನು ಇದ್ದ ಹಾಗೆ ಹೇಳು. ನಾನು ಸಿಟ್ಟಿನಲ್ಲಿದ್ದೇನೆ ಅಂತಲೂ ಹೇಳು."

ಆಕೆ ಮತ್ತೆ ಹೇಳಿದಳು. ಈ ಸಲ ನಗು ಹೋಯಿತು.

"ಸಾರಿ," ಎಂದರು ಹೆಲೆನ್. ಅರ್ಜಿ ಮಂಜೂರಾದ ಮೇಲೆ ಖರ್ಚಿನ ಖಾನೆ ಬದಲಿಸಲು ಬರುವುದಿಲ್ಲ. ಮುಂದಿನ ವರ್ಷದ ಅರ್ಜಿಗಳಲ್ಲಿ ಎಚ್ಚರ ವಹಿಸುತ್ತೇವೆ.

"ಪುಸ್ತಿಕೆಗೆ ಖಾನೆ ಐತೇನು ಕೇಳು," ಎಂದೆ.

ಇತ್ತು. ಪುಸ್ತಿಕೆಗೆ, ಫೋಟೋ ತೆಗೆಯುವವನಿಗೆ, ನನ್ನ ಮುಂದಿನ ಸಲದ ವಿಮಾನಕ್ಕೆ, ಎಲ್ಲಕ್ಕೂ ಖಾನೆ ಇತ್ತು. ಸೋನವ್ವನನ್ನು ಎಡಕ್ಕೆ ಬಲಕ್ಕೆ ತಿರುಗಿಸುವುದಕ್ಕೆ ಮಾತ್ರ ಖಾನೆ ಇರಲಿಲ್ಲ.

ಡಾಟ್ ಆಗ ಬಾಯಿ ಬಿಟ್ಟರು. "ನನ್ನ ಆರ್ಥರನ ಗಡ್ಡಕ್ಕೆ ನೀವು ರೊಕ್ಕ ಕೊಟ್ಟಿರಿ. ಗಡ್ಡ ಬೋಳಿಸಲೂ ಇಲ್ಲ. ಇವರ ಕಡೆ ಮೂವರು ಕೆಲಸ ಮಾಡುತ್ತಿದ್ದಾರೆ, ಅದಕ್ಕೆ ಚಪ್ಪಾಳೆ ಕೊಟ್ಟಿರಿ. ನಾನೂ ಅವತ್ತು ಚಪ್ಪಾಳೆ ತಟ್ಟಿದೆ, ಥೂ."

ಹೆಲೆನ್ ಅದನ್ನು ಬರೆದುಕೊಂಡರು. ಕೆಟ್ಟ ಹೆಂಗಸಲ್ಲ. ಅದೇ ಹೆಚ್ಚು ಸಿಟ್ಟು ಬರಿಸುವುದು. ಕೆಟ್ಟವರಾಗಿದ್ದರೆ ಬೈದು ಬರಬಹುದು.

"ಫೋಟೋ ಕೊಡೂದಿಲ್ಲ," ಎಂದೆ ನಾನು. "ಕಥೀನೂ ಇಲ್ಲ. ಆ ಮೂವರ ಹೆಸರು ಪುಸ್ತಿಕೆಯಲ್ಲಿ ಬೇಕಿದ್ದರೆ ಮೊದಲು ಪಗಾರದ ಪಟ್ಟಿಯಲ್ಲಿ ಬರಲಿ. ಇಲ್ಲದಿದ್ದರೆ ನನ್ನ ಹೆಸರನ್ನೂ ತೆಗೆಯಿರಿ, ನಾನು ಈ ಕಲಿಕೆ ಬಿಡುತ್ತೇನೆ."

ಬಿಡುವ ಮನಸ್ಸಿರಲಿಲ್ಲ. ಕಲಿತದ್ದು ನನಗೆ ಬೇಕಾಗಿತ್ತು. ಕೇಳುವುದು ಹೇಗೆ, ಕೇಳಿದ್ದನ್ನು ಜೋಡಿಸುವುದು ಹೇಗೆ, ನನಗೆ ಬೇಕಾದ ಉತ್ತರವನ್ನೇ ಹುಡುಕದಿರುವುದು ಹೇಗೆ, ಎಲ್ಲ ಹೊಸದು, ಎಲ್ಲ ರುಚಿ ಹತ್ತಿತ್ತು. ನಲವತ್ತೆಂಟರಲ್ಲಿ ನನಗೆ ಮತ್ತೆ ಸಾಲಿಗೆ ಹೋದ ಹಾಗಾಗಿತ್ತು. ಆದರೂ ಹೇಳಿದೆ. ಹೇಳಿ ಹೊರಗೆ ಬಂದು ಡಾಟ್ ಅವರ ಕಾರಿನಲ್ಲಿ ಕುಳಿತು ಅತ್ತೆ. ಅವರು ಒಂದು ಬಿಸ್ಕಿಟ್ ಪುಡಿಕೆ ನನ್ನ ಮಡಿಲಿಗೆ ಹಾಕಿ, ಪಗಾರವಿಲ್ಲದ ದಾರಿಯಲ್ಲಿ ಸುಮ್ಮನೆ ಎರಡು ಸುತ್ತು ಹೊಡೆದರು.

ಹೊರಡುವ ಮುಂಜಾನೆ ಹೆಲೆನ್ ಗೆಸ್ಟ್‌ಹೌಸಿಗೆ ಬಂದರು. ಸಮಿತಿಯ ಮುಂದೆ ಇಡುತ್ತೇನೆ, ಮಾತು ಕೊಡಲಾರೆ ಎಂದರು. ನಾನೂ ಥ್ಯಾಂಕ್ಯೂ ಎಂದೆ, ಮಾತು ಕೊಡಲಿಲ್ಲ.

ಮತ್ತೆ ದಿಗ್ಗೇವಾಡಿ

ಬ್ಯಾಗು ಮನೆಯಲ್ಲಿ ಇಡುವ ಮೊದಲೇ ಸೋನವ್ವನ ಮನೆಗೆ ಹೋದೆ. ಬಲ ಕುಂಡಿಯ ಚರ್ಮ ಒಡೆದಿತ್ತು. ಹುಣಸೆ ಬೀಜದಷ್ಟು. ನಾನು ಬಿಟ್ಟು ಹೋದಾಗ ಇರಲಿಲ್ಲ. ಗಂಗವ್ವ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಆಕೆ ತಲೆ ತಗ್ಗಿಸಿದ್ದು ನೋಡಿ ನನ್ನ ಸಿಟ್ಟು ಮತ್ತೆ ಹೊತ್ತಿಕೊಂಡಿತು. ತಗ್ಗಿಸಬೇಕಾದ ತಲೆ ಅದಲ್ಲ.

"ನೋಡಿದೇನ, ವಿಲಾಯತಿಗೆ ಹೆಸರ ಹೋತು, ಪಾಸ್‌ಪೋರ್ಟಿನ ಶಿಕ್ಕಾ ಇಲ್ಲಿ ಬಿತ್ತು," ಎಂದಳು ಸೋನವ್ವ. ನಾನು ಗಾಯ ತೊಳೆಯುವಾಗ ಆಕೆಗೆ ಏನೂ ಗೊತ್ತಾಗುವುದಿಲ್ಲ. ನನ್ನ ಮುಖ ನೋಡಿಯೇ ತಿಳಿದುಕೊಳ್ಳುತ್ತಾಳೆ. ಹಾಗಾಗಿ ಮುಖ ಗಟ್ಟಿ ಮಾಡಿಕೊಂಡೆ.

"ಸಣ್ಣದೈತಿ. ಮಾಯ್ತೈತಿ."

"ನೀ ಸಿಟ್ಟಿನ್ಯಾಗಿದ್ರ ಲಗೂ ಮಾಯ್ತೈತಿ," ಎಂದಳು.

ವಾರ ಕಳೆದು ಕೋಆರ್ಡಿನೇಟರ್ ಸರ್ ಬಂದರು. ಶಾಲು, ತೆಂಗಿನಕಾಯಿ ಹಿಡಿದುಕೊಂಡೇ ಬಂದಿದ್ದರು, ಮುಖ ಮಾತ್ರ ಹುಳಿ. ಸಮಿತಿ ಒಪ್ಪಿದೆಯಂತೆ. ಇನ್ನು ಮುಂದೆ ನಾನು ಕಲಿಕೆಗೆ ಹೋಗುವ ದಿನಗಳಲ್ಲಿ ಮೂವರ ಹೆಸರಿಗೂ ಪಗಾರ. ಆಗಿಹೋದ ದಿನಗಳಿಗೆ ಇಲ್ಲ.

"ಹಿಂದಿನದಕ್ಕ ಖಾನೆ ಇಲ್ಲಂತ್ರಿ ಅಕ್ಕಾರ."

"ಗೊತ್ತೈತ್ರಿ ಸರ. ಹಿಂದಿನದಕ್ಕ ನನ್ನ ಸೊಂಟ ಐತಿ." ಶಾಲನ್ನು ಸೋನವ್ವನ ಮೊಣಕಾಲುಗಳ ನಡುವೆ ಇಡಲು ತೆಗೆದುಕೊಂಡೆ. ಒಳ್ಳೆಯ ಮೆತ್ತನೆಯ ಶಾಲು.

ಓಣಿಯಲ್ಲಿ ಮೂವರಿಗೂ ಸುದ್ದಿ ಹೇಳಿದೆ. ಸುರೇಖಾ ಅಲ್ಲೇ ಕುಣಿದಳು. ಶಮೀಮ್, "ಬ್ಯಾಂಕಿನ ಖಾತೆ ಮಾವನ ಹೆಸರಿಗೆ ಬ್ಯಾಡ, ನನ್ನ ಹೆಸರಿಗೇ," ಎಂದಳು. ಗಂಗವ್ವ ಮಾತ್ರ ಮುಖ ಊದಿಸಿದಳು.

"ನನಗ ಬ್ಯಾಡ. ಪಗಾರ ತಗೊಂಡ್ರ ಅದು ಮುಯ್ಯಿ ಹೆಂಗ ಆಕ್ಕೈತಿ? ನಾಳಿ ನಾ ಸೋನವ್ವನಂಗ ಬಿದ್ರ ನೀ ಬರಾಕಿಲ್ಲೇನು? ಅವರ ರೊಕ್ಕ ತಗೊಂಡೀಯಲ್ಲ, ಮುಗೀತು ಅಂತೀ."

ನನಗೆ ಇದರ ಯೋಚನೆಯೇ ಬಂದಿರಲಿಲ್ಲ. ಏಳು ಸಮುದ್ರದಾಚೆ ನಾನು ಜಗಳವಾಡಿ ತಂದದ್ದನ್ನು ಈಕೆ ತಿರುಗಿ ನೋಡಲೂ ಒಲ್ಲಳು! ಬಹಳ ಹೊತ್ತು ಬಾಯಿ ಮಾಡಿದೆವು. ಸೋನವ್ವ ಒಳಗಿನಿಂದ, "ನನ್ನ ಮ್ಯಾಲ ಜಗಳಾಡೂದು ಬಿಟ್ಟು ಯಾರರೆ ಬಂದು ತಿರುಗಸ್ರಿ," ಎಂದು ಕೂಗಿದಳು. ನಾವಿಬ್ಬರೂ ಹೋಗಿ ತಿರುಗಿಸಿದೆವು. ತಿರುಗಿಸುವಾಗ ಗಂಗವ್ವನೇ ಹೇಳಿದಳು, "ಪಗಾರ ತಗೋತೀನಿ. ಆದ್ರ ನೀ ಬೀಳೂದಕ್ಕ ನಾ, ನಾ ಬೀಳೂದಕ್ಕ ನೀ. ಅದು ಬ್ಯಾರೆ." ಅದು ಬೇರೆಯೇ ಎಂದೆ.

ಇವತ್ತು ಮುಂಜಾನೆಯಿಂದ ಗಂಗವ್ವನ ಜೋಳದಲ್ಲಿ ಕಳೆ ತೆಗೆದೆ. ಸೊಂಟ ಇನ್ನೂ ನೆಟ್ಟಗಾಗಿಲ್ಲ, ಸಿಟ್ಟೂ ಇಳಿದಿಲ್ಲ. ಸೋನವ್ವನ ಗಾಯದ ಅಂಚು ಒಳಗೆ ಸರಿಯುತ್ತಿದೆ, ಮಾಯಲು ಇನ್ನೂ ಕಾಲ ಬೇಕು. ಸಂಜೆ ಶಮೀಮಳ ಮನೆಗೆ ಹೋದೆ, ಆಕೆ ಅಥಣಿಯ ಬಸ್ಸು ಹತ್ತಿದಳು. ಆಕೆಯ ಮಾವನಿಗೂ ನನಗೂ ಜೋಳದ ರೊಟ್ಟಿ, ಎಣಗಾಯಿ, ಗಟ್ಟಿ ಮೊಸರು. ಕೊನೆಗೆ ಡಾಟ್ ಕೊಟ್ಟ ಬಿಸ್ಕಿಟ್ ಒಂದೊಂದು. ಮಾವ ತನ್ನದನ್ನು ಚಹಾದಲ್ಲಿ ಅದ್ದಿ, ತಲೆ ಅಲ್ಲಾಡಿಸಿ, "ನಮ್ಮ ಚಿಕ್ಕೋಡಿ ಖಾರಿ ಬಿಸ್ಕಿಟ್ ಛಲೋ," ಎಂದ. ಅವನನ್ನು ಮಲಗಿಸಿ, ನಿದ್ದೆ ಹತ್ತುವ ತನಕ ಕೂರೋಣವೆಂದು ಮಂಚದ ಕಾಲಿಗೆ ಆತುಕೊಂಡೆ. ಎಚ್ಚರಾದಾಗ ನನ್ನ ಮೇಲೆ ಅವನ ಚಾದರವಿತ್ತು, ಒಂದು ಕೈಯಿಂದ ಹೊದೆಸಿದ್ದರಿಂದ ಒಂದು ಭುಜ ಮಾತ್ರ ಮುಚ್ಚಿತ್ತು. ಮುದುಕ ಇನ್ನೂ ಕಣ್ಣು ಬಿಟ್ಟುಕೊಂಡೇ ಇದ್ದ. ಮೊದಲು ನಿದ್ದೆ ಹೋದವಳು ನಾನೇ.